ಬೈಸಾಲಜ್ಜನಿಗೆ ಕಾಯಿಸಿದ ನೀರು

ನಮ್ಮ ಕಾರಾ-ಬೆಲ್‌ನಲ್ಲಿ ಚಳಿಗಾಲದ ಸಂಜೆ ಗಂಡಸರು ಮನೆಗೆ ಬರುವುದನ್ನು ಹೊಸಬರು ಯಾರಾದರೂ ನೋಡಿದರೆ, ಈ ಊರಿನಲ್ಲಿ ಹಡೆಯುವವರೂ ಗಂಡಸರೇ ಎಂದುಕೊಳ್ಳಬೇಕು. ಎಲ್ಲರ ಎದೆಯ ಮೇಲೂ ಹಳೆಯ ಶಾಲಿನಲ್ಲಿ ಸುತ್ತಿದ ಒಂದು ಗಂಟು. ಅದನ್ನು ಎರಡೂ ಕೈಯಲ್ಲಿ ಅವಚಿಕೊಂಡು, ಮಂಜುಗಡ್ಡೆಯ ಮೇಲೆ ಜಾರದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ ಬರುತ್ತಾರೆ. ಶಾಲಿನೊಳಗಿರುವುದು ಕಾರಿನ ಬ್ಯಾಟರಿ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಅದನ್ನು ಕಾರಿನಲ್ಲೇ ಬಿಟ್ಟರೆ ಬೆಳಿಗ್ಗೆ ಅದು ಕಲ್ಲು. ಹಾಗಾಗಿ ಒಲೆಯ ಪಕ್ಕದ ಬೆಚ್ಚನೆಯ ಜಾಗ ಬ್ಯಾಟರಿಗೆ, ಅದರ ಆಚೆಯದು ಮುದುಕರಿಗೆ, ಬಾಗಿಲ ಹತ್ತಿರದ್ದು ಅಳಿಯನಿಗೆ. ಇದು ನಮ್ಮ ಹಿರಿಯರು ಮಾಡಿದ ಪದ್ಧತಿ ಅಲ್ಲ, ಹಿರಿಯರ ಹತ್ತಿರ ಕುದುರೆ ಇತ್ತು. ಆದರೆ ಪದ್ಧತಿಯಷ್ಟೇ ಗಟ್ಟಿ.

ಇಡೀ ಬೀದಿಯಲ್ಲಿ ಹೀಗೆ ಮಾಡದವನು ಒಬ್ಬನೇ, ನನ್ನ ಎದುರುಮನೆಯ ಶಾಯಿಂಬೆಕ್. ಅವನು ನಮ್ಮ ವಾಹನ ಡಿಪೋದ ಸುರಕ್ಷತಾ ಇಂಜಿನಿಯರ್. ಇಪ್ಪತ್ತೆರಡು ವರ್ಷದಿಂದ ಬ್ಯಾಟರಿಯನ್ನು ಮುಟ್ಟದೆ ಬ್ಯಾಟರಿಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದ. ಅವನ ಹತ್ತಿರ ಬ್ಯಾಟರಿಗೆಂದೇ ಹದಿನೇಳು ನಿಯಮಗಳಿದ್ದವು. ಪ್ರತಿ ಸೋಮವಾರ ನಮ್ಮನ್ನು ಸಾಲಾಗಿ ನಿಲ್ಲಿಸಿ ಓದುತ್ತಿದ್ದ, ನಾವು ಆಕಳಿಸುತ್ತಾ ಸಹಿ ಮಾಡುತ್ತಿದ್ದೆವು. ಬೆನ್ನ ಹಿಂದೆ ಅವನಿಗೆ ಹದಿನೇಳು ಎಂದೇ ಹೆಸರು. "ಹದಿನೇಳು ಬಂದ, ಸಿಗರೇಟು ಆರಿಸ್ರೋ" ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು.

ನಾಲ್ಕನೆಯ ನಿಯಮ: ಜನ ಮಲಗುವ ಕೋಣೆಯಲ್ಲಿ ಬ್ಯಾಟರಿ ಇಡಬಾರದು, ಅದರಿಂದ ಉರಿಯುವ ಅನಿಲ ಬರುತ್ತದೆ. ಆರನೆಯ ನಿಯಮ: ಹೆಪ್ಪುಗಟ್ಟಿದ ಬ್ಯಾಟರಿಗೆ ಬೇರೆ ಕಾರಿನಿಂದ ತಂತಿ ಕೊಡಬಾರದು, ಮೊದಲು ಅದು ಕರಗಬೇಕು. ಏಳು: ಕನ್ನಡಕ ಹಾಕಿಕೊಳ್ಳಬೇಕು. ಒಂಬತ್ತು: ಕೊನೆಯ ಕಪ್ಪು ತಂತಿಯನ್ನು ಬ್ಯಾಟರಿಯ ಮೇಲೆ ಕಚ್ಚಿಸದೆ, ಅದರಿಂದ ದೂರದಲ್ಲಿ, ಇಂಜಿನ್‌ನ ಬರಿ ಕಬ್ಬಿಣಕ್ಕೆ ಕಚ್ಚಿಸಬೇಕು, ಇಲ್ಲದಿದ್ದರೆ ಕಿಡಿ ಹಾರಿ ಅನಿಲಕ್ಕೆ ತಗಲುತ್ತದೆ. ಹನ್ನೊಂದು: ಕಣ್ಣಿಗೆ ಆಸಿಡ್ ಬಿದ್ದರೆ ಆ ಕ್ಷಣವೇ ನೀರು ಹಾಕಲು ಶುರುಮಾಡಿ ಕಾಲು ಗಂಟೆ ನಿಲ್ಲಿಸದೆ ಹಾಕಬೇಕು, ಆಮೇಲೆ ಡಾಕ್ಟರು. ಎಲ್ಲವೂ ನನಗೆ ಈಗ ಬಾಯಿಪಾಠ. ಆಗ ಆಗಿರಲಿಲ್ಲ.

ನಿಯಮ ಮಾಡಿದವನು ಅದನ್ನು ಬೀದಿಯ ಕಣ್ಣೆದುರಿಗೆ ಮುರಿಯುವುದು ಹೇಗೆ. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ ಎಂದು ನಾವು ಆಡಿಕೊಂಡೇವು ಎಂಬ ಹೆದರಿಕೆಯಿಂದ ಅವನು ಪಾಪ ಬದನೇಕಾಯಿ ತಿನ್ನಲಿಲ್ಲ. ಬ್ಯಾಟರಿಯನ್ನು ಕಾರಿನಲ್ಲೇ ಬಿಡುತ್ತಿದ್ದ. ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದ. ಯಾರಾದರೂ ಕೇಳಿದರೆ "ನಡೆದಾಡೋದು ಹೃದಯಕ್ಕೆ ಒಳ್ಳೇದು" ಎನ್ನುತ್ತಿದ್ದ.

ಆ ದಿನ ಅವನಿಗೆ ಬಸ್ಸು ಸಾಲುತ್ತಿರಲಿಲ್ಲ. ಜಿಲ್ಲಾ ಕೇಂದ್ರದಲ್ಲಿ ಮುನ್ನೂರು ಚಾಲಕರ ಮುಂದೆ ಅವನ ಉಪನ್ಯಾಸ. ವಿಷಯ, ಚಳಿಗಾಲದಲ್ಲಿ ಬ್ಯಾಟರಿಯ ಸುರಕ್ಷಿತ ಬಳಕೆ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಕರಪತ್ರ ಇನ್ನೂ ಡಿಪೋದ ಗೋಡೆಯ ಮೇಲಿದೆ.

ಬೆಳಿಗ್ಗೆ ಒಂಬತ್ತಕ್ಕೆ ಅವನ ಕಾರು ಕೆಮ್ಮಲೂ ಇಲ್ಲ. ಅವನು ನಮ್ಮ ಬಾಗಿಲು ಬಡಿದ. ನಾನು ನನ್ನ ಕಾರನ್ನು ತಂದು ಅವನ ಕಾರಿನ ಮೂತಿಗೆ ಮೂತಿ ಇಟ್ಟು ನಿಲ್ಲಿಸಿದೆ, ಕೆಂಪು ಕಪ್ಪು ತಂತಿ ತೆಗೆದೆ.

"ಬ್ಯಾಟರಿನ ಒಲೆ ಹತ್ರ ಮಲಗಿಸಿದ್ರೆ ಈ ಗತಿ ಬರ್ತಿತ್ತಾ," ಎಂದೆ. ಸ್ವಲ್ಪ ಜೋರಾಗಿಯೇ ಎಂದೆ, ಪಕ್ಕದ ಮನೆಗೂ ಕೇಳಲಿ ಎಂದು.

"ತಂತಿ ಇಲ್ಲಿ ಕೊಡು," ಎಂದ.

"ನಾನೇ ಕಚ್ಚಿಸ್ತೀನಿ ಬಿಡು ಮಾರಾಯ. ಮೂವತ್ತು ವರ್ಷದಿಂದ ಮಾಡ್ತಿದೀನಿ."

"ಮೂವತ್ತು ವರ್ಷದಿಂದ ತಪ್ಪು ಮಾಡ್ತಿದೀಯ. ನೀನು ಡ್ರೈವರು ಮುಕಾಂಬೆತ್. ನಾನು ಇಂಜಿನಿಯರು."

ಸುರಕ್ಷತಾ ಕನ್ನಡಕ ಎಲ್ಲಿ ಎಂದು ಕೇಳಿದೆ. ಡಿಪೋದ ಕಪಾಟಿನಲ್ಲಿದೆ ಎಂದ. ಹನ್ನೆರಡು ಜೊತೆ ಇವೆ, ಅರಗಿನ ಮುದ್ರೆ ಒತ್ತಿ ಬೀಗ ಹಾಕಿದೆ, ಗೀರು ಬಿದ್ದರೆ ಲೆಕ್ಕ ತಪಾಸಣೆಯಲ್ಲಿ ಯಾರು ಉತ್ತರ ಹೇಳುವುದು ಎಂದ.

ಬ್ಯಾಟರಿಯ ಡಬ್ಬದ ಎರಡೂ ಪಕ್ಕ ಉಬ್ಬಿತ್ತು. ಒಳಗೆ ಹೆಪ್ಪುಗಟ್ಟಿದರೆ ಮಾತ್ರ ಹಾಗೆ ಉಬ್ಬುವುದು. ನಾನು ನೋಡಿದೆ. ಆದರೆ ಡ್ರೈವರು ಇಂಜಿನಿಯರಿಗೆ ಹೇಳುವುದು ಎಲ್ಲಾದರೂ ಉಂಟೇ. ನನ್ನ ಕಾರಿನ ಇಂಜಿನ್ ಓಡುತ್ತಿರಲು ಬಿಟ್ಟು, ತಂತಿಯನ್ನು ಅವನ ಕೈಗೆ ಕೊಟ್ಟು, ನಾನು ಮನೆಯೊಳಗೆ ಹೋಗಿ ಚಹಾಕ್ಕೆ ಕುಳಿತೆ.

ಢಂ ಎಂಬ ಸದ್ದು ಮೂರು ಬೀದಿಗೆ ಕೇಳಿಸಿತು ಎಂದು ಆಮೇಲೆ ಕೆಲವರು ಹೇಳಿದರು. ಇರಬಹುದು. ನಮ್ಮ ಕಡೆ ಚಹಾವನ್ನು ಸದ್ದು ಮಾಡಿಯೇ ಹೀರುತ್ತಾರೆ.

ಇಲ್ಲಿ ಒಂದು ವಿಷಯ ಹೇಳಬೇಕು. ಶಾಯಿಂಬೆಕ್‌ನ ತಂದೆ ಬೈಸಾಲಜ್ಜನಿಗೆ ಎಂಬತ್ತಾರು. ಕಿವಿ ಮಂದ. ಮೂರು ಚಳಿಗಾಲದಿಂದ ಹಾಸಿಗೆ ಹಿಡಿದು, ಪ್ರತಿ ಚಳಿಗಾಲವೂ ಈಗಲೋ ಆಗಲೋ ಎನ್ನಿಸಿ, ಪ್ರತಿ ವಸಂತದಲ್ಲೂ ಎದ್ದು ಹೊರಗೆ ಬಿಸಿಲಿಗೆ ಕುಳಿತುಬಿಡುತ್ತಿದ್ದರು. ಅವರ ಸಾವಿನ ಊಟಕ್ಕೆ ಕೊಯ್ಯಲೆಂದು ಕೊಬ್ಬಿಸಿದ ಕಂದು ಕುದುರೆ ಮೂರು ವರ್ಷದಿಂದ ಹಿತ್ತಲಲ್ಲಿ ತಿಂದು ತಿಂದು ಬಾಗಿಲಲ್ಲಿ ಹಿಡಿಸದ ಹಾಗೆ ಆಗಿತ್ತು. ಬೀದಿಯ ಕಿವಿಯೆಲ್ಲ ಆ ಮನೆಯ ಕಡೆಗೇ ಇತ್ತು. ಯಾರಿಗೂ ಅಜ್ಜನ ಮೇಲೆ ದ್ವೇಷವಿರಲಿಲ್ಲ. ಆದರೆ ಮೂರು ವರ್ಷ ಕಾಯುವುದು ಎಂದರೆ ಯಾರಿಗಾದರೂ ಬೇಸರ ಬರುತ್ತದೆ.

ನಾನು ಹೊರಗೆ ಬಂದಾಗ ಶಾಯಿಂಬೆಕ್ ಮುಖಕ್ಕೆ ಎರಡೂ ಕೈ ಒತ್ತಿಕೊಂಡು, ಟೊಂಕ ಬಗ್ಗಿಸಿ, ಊಳಿಡುತ್ತಾ ಬೀದಿಯ ನಡುವೆ ತಡವರಿಸುತ್ತಿದ್ದ. ಗಂಡಸು ಬೆಳಗ್ಗೆ ಬೆಳಗ್ಗೆ ಬೀದಿಯಲ್ಲಿ ನಿಂತು ಆ ರೀತಿ ಗೋಳಿಟ್ಟರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ. ಅಳುತ್ತಿರುವವನನ್ನು ತಡೆದು ಯಾಕಪ್ಪಾ ಎಂದು ಕೇಳುವುದು ಬಹಳ ಅಸಭ್ಯ. ನೀನೂ ದೂರದಿಂದಲೇ ಗೋಳಿಡುತ್ತಾ ಹೋಗಬೇಕು, ಅವನ ಕೊರಳಿಗೆ ಬೀಳಬೇಕು, ಆಮೇಲೆ ಅವನು ತಾನಾಗಿ ಹೇಳಬೇಕು. ನಾನು ಟೋಪಿ ಒತ್ತಿಕೊಂಡು "ಓ ನಮ್ಮ ಹಿರಿಯಾ, ಓ ನಮ್ಮ ಬೆಟ್ಟವೇ" ಎಂದು ಶುರುಮಾಡಿ, ಓಡಿ ಹೋಗಿ ಅವನನ್ನು ತಬ್ಬಿಕೊಂಡೆ. ಅವನ ಮುಖ ನನ್ನ ಎಡ ಹೆಗಲಿಗೆ ಒತ್ತಿತು.

ಡಿಪೋದ ತನಿಖಾ ಸಮಿತಿ ಆಮೇಲೆ ನಿಮಿಷ ನಿಮಿಷವಾಗಿ ಬರೆದುಕೊಂಡ ಪ್ರಕಾರ ಆಗ ಗಂಟೆ ಒಂಬತ್ತು ಹನ್ನೆರಡು. ಸ್ಫೋಟವಾಗಿ ಎರಡು ನಿಮಿಷ.

"ನೀರು," ಎಂದ ಶಾಯಿಂಬೆಕ್ ನನ್ನ ಹೆಗಲೊಳಗೆ. "ನೀರು ಕೊಡೋ."

ಅಷ್ಟರಲ್ಲಿ ನನ್ನ ಗೋಳು ಕೇಳಿ ಬೀದಿಯ ಬಾಗಿಲುಗಳು ತೆರೆದವು. ಒಂದೊಂದು ಬಾಗಿಲಿನಿಂದಲೂ ಒಬ್ಬೊಬ್ಬ ಗಂಡಸು ಸಾವಿನ ಮನೆಗೆ ಹೋಗುವಾಗ ಕಟ್ಟುವ ನಡುಪಟ್ಟಿಯನ್ನು ಕೋಟಿನ ಮೇಲೆ ಬಿಗಿದುಕೊಳ್ಳುತ್ತಾ, ಅರ್ಧ ಅಗಿದ ರೊಟ್ಟಿ ನುಂಗುತ್ತಾ, "ಓ ಬೈಸಾಲಜ್ಜಾ" ಎಂದು ಹೊರಟ. ಎಲ್ಲರಿಗಿಂತ ಮುಂದೆ ಓಸ್ಮೋನ್‌ಕುಲ್. ಊರಿನಲ್ಲಿ ಯಾರು ಸತ್ತರೂ ಯಜಮಾನಿಕೆ ಅವನದು. ಬದುಕಿರುವವರ ವಿಷಯದಲ್ಲಿ ಅವನನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಸಾವು ಎಂದರೆ ಅವನಿಗೆ ಒಂದು ಚೈತನ್ಯ.

"ಇವನಿಗೆ ನಡುಪಟ್ಟಿ ಕಟ್ರೋ," ಎಂದ. "ಕೈಗೆ ಕೋಲು ಕೊಡ್ರೋ. ಮಗ ಬಾಗಿಲಲ್ಲಿ ನಿಲ್ಬೇಕು. ಮುಕಾಂಬೆತ್, ನೀನು ಬಲಗಡೆ ಹಿಡ್ಕೋ. ಬೀಳೋಕೆ ಬಿಡಬೇಡ."

ಸತ್ತವನ ಮಗ ಮನೆಯ ಮುಂದೆ ಕೋಲೂರಿ, ಬಗ್ಗಿ ನಿಂತು, ಬಂದವರನ್ನೆಲ್ಲ ಅಳುತ್ತಾ ಎದುರುಗೊಳ್ಳಬೇಕು ಎಂಬುದು ನಮ್ಮ ಪದ್ಧತಿ. ಎರಡೇ ನಿಮಿಷದಲ್ಲಿ ಶಾಯಿಂಬೆಕ್ ನಡುಪಟ್ಟಿ ಕಟ್ಟಿಸಿಕೊಂಡು, ಕೋಲು ಹಿಡಿಸಿಕೊಂಡು, ತನ್ನ ಮನೆಯ ಮುಂದೆ ನಿಂತಿದ್ದ. ಪಟ್ಟಿ ಕಟ್ಟಿದ್ದು ಬಹಳ ಚೆನ್ನಾಗಿತ್ತು. ಅವನು ಒಂದು ಕೈಯಲ್ಲಿ ಎಡಗಣ್ಣು ಮುಚ್ಚಿಕೊಂಡು ಇನ್ನೊಂದರಲ್ಲಿ ಕೋಲನ್ನು ಬೀಸಿ "ನೀರು, ನೀರು ಹಾಕ್ರೋ, ಕಾಣಿಸ್ತಿಲ್ಲ" ಎನ್ನುತ್ತಿದ್ದ.

"ಯಾರಿಗೆ ಕಾಣಿಸುತ್ತೆ ಕಣಪ್ಪ ಇಂಥಾ ಹೊತ್ತಲ್ಲಿ," ಎಂದು ಓಸ್ಮೋನ್‌ಕುಲ್ ಅವನ ಬೆನ್ನು ತಟ್ಟಿದ. "ನೀರಿನ ಯೋಚನೆ ನೀನು ಮಾಡಬೇಡ. ಅದಕ್ಕೆಲ್ಲ ನಾನಿದೀನಿ. ಕಡಾಯಿ ಇಡ್ಸಿದೀನಿ."

ಇಡಿಸಿಯೂ ಇದ್ದ. ಬೀದಿಯ ನಲ್ಲಿ ನವೆಂಬರಿನಲ್ಲೇ ಹೆಪ್ಪುಗಟ್ಟಿತ್ತು. ಹೊಳೆಯ ಮಂಜುಗಡ್ಡೆಗೆ ಕೊರೆದ ತೂತಿನಿಂದ ನೀರು ತರಬೇಕು. ಶಾಯಿಂಬೆಕ್‌ನ ಹೆಂಡತಿ ಬುರುಲ್ ಆಗ ಅಲ್ಲಿಗೇ ಹೋಗಿದ್ದಳು. ಅವಳು ಜಾರುಬಂಡಿಯ ಮೇಲೆ ನಲವತ್ತು ಲೀಟರಿನ ಕ್ಯಾನು ಎಳೆದುಕೊಂಡು ಬೀದಿಯ ತಿರುವಿಗೆ ಬಂದಳು, ಮನೆಯ ಮುಂದೆ ನಡುಪಟ್ಟಿ ಕಟ್ಟಿದ ಗಂಡಸರನ್ನು ನೋಡಿದಳು, ತಾನು ಹೊರಗೆ ಹೋದ ಅರ್ಧ ಗಂಟೆಯಲ್ಲಿ ಮಾವ ಹೋದರೆಂದುಕೊಂಡು ಹಗ್ಗ ಬಿಟ್ಟು ಎದೆ ಹೊಡೆದುಕೊಂಡಳು. ಬಂಡಿ ತಾನಾಗಿಯೇ ಜಾರಿ ಬಂದು ಶಾಯಿಂಬೆಕ್‌ನ ಕಾಲಿನ ಹತ್ತಿರ ನಿಂತಿತು. ಅವನು ಸದ್ದಿಗೆ ತಿರುಗಿ, ಬಗ್ಗಿ, ಕೈಯಿಂದ ಕ್ಯಾನನ್ನು ತಡವಿದ. ಮುಚ್ಚಳದ ಮೇಲೆ ಬೆರಳಿಟ್ಟಿದ್ದ.

"ಅದನ್ನ ಮುಟ್ಟಬೇಡ," ಎಂದು ಓಸ್ಮೋನ್‌ಕುಲ್ ಕ್ಯಾನು ಎತ್ತಿಸಿದ. "ಅದು ನಿಮ್ಮಪ್ಪನ ಸ್ನಾನಕ್ಕೆ. ಬದುಕಿರೋರು ಕೈ ಹಾಕಬಾರದು. ಬಾಯಾರಿಕೆ ಆದ್ರೆ ತಡ್ಕೋ, ಚಹಾ ಬರುತ್ತೆ."

ಒಂಬತ್ತು ಹದಿನೇಳು.

ಆಗ ಅವನು ಮಾಡಬೇಕಾದ್ದನ್ನೇ ಮಾಡಿದ. ಸುತ್ತ ಮೊಣಕಾಲುದ್ದ ಹಿಮ. ಅದರಲ್ಲೇ ಮುಖ ಹುದುಗಿಸಲು ನೆಲಕ್ಕೆ ಬಿದ್ದ. ಸಾವಿನ ಮನೆಯಲ್ಲಿ ನೆಲದ ಮೇಲೆ ಬಿದ್ದು ಹೊರಳುವುದು ಹೆಂಗಸರಿಗಿರಬಹುದು, ಗಂಡಸರಿಗೆ ಅದು ಅವಮಾನ. ನಾವು ಆರು ಜನ ಅವನನ್ನು ಎತ್ತಿ ನಿಲ್ಲಿಸಿದೆವು. ಅವನು ಒದ್ದ. ನಾವು ಇನ್ನಷ್ಟು ಪ್ರೀತಿಯಿಂದ ಹಿಡಿದೆವು.

"ಎಂಥಾ ಮಗ ನೋಡು," ಎಂದು ಒಬ್ಬ ಕಣ್ಣೊರೆಸಿಕೊಂಡ. "ನಮ್ಮ ಮನೇಲೂ ಇದಾವೆ. ನಾನು ಸತ್ರೆ ಮೊಬೈಲಿಂದ ತಲೆ ಎತ್ತಲ್ಲ."

ಒಳಗೆ ಉಮ್ಸುನಾಯ್ ಬಂದಾಗಿತ್ತು. ಸುತ್ತಲ ಏಳು ಹಳ್ಳಿಗೆ ಅವಳಷ್ಟು ಚೆನ್ನಾಗಿ ಸತ್ತವರ ಮೇಲೆ ಹಾಡಿಕೊಂಡು ಅಳುವವರಿಲ್ಲ. ಅಜ್ಜ ಎಂದಿನಂತೆ ಚಳಿಗೆ ದಪ್ಪ ರಜಾಯಿಯನ್ನು ತಲೆಯ ಮೇಲಿನವರೆಗೂ ಎಳೆದುಕೊಂಡು ಮಲಗಿದ್ದರು. "ಮುಖ ಮುಚ್ಚಿದಾರೆ," ಎಂದಳು ಉಮ್ಸುನಾಯ್. ಅಷ್ಟೇ ತನಿಖೆ. ಹತ್ತು ಹೆಂಗಸರು ಪದ್ಧತಿಯಂತೆ ಗೋಡೆಗೆ ಮುಖ ಮಾಡಿ, ಹೆಣಕ್ಕೂ ಬಾಗಿಲಿಗೂ ಬೆನ್ನು ಕೊಟ್ಟು ಕುಳಿತರು. ಬುರುಲ್‌ಳನ್ನೂ ನಡುವೆ ಎಳೆದು ಕೂರಿಸಿಕೊಂಡರು. ಉಮ್ಸುನಾಯ್ ಸೊಂಟದ ಮೇಲೆ ಕೈಯಿಟ್ಟು, ಅಜ್ಜ ಯೌವನದಲ್ಲಿ ಹಿಡಿದ ತೋಳಗಳಿಂದ ಶುರುಮಾಡಿದಳು. ಅಜ್ಜ ಒಂದು ತೋಳವನ್ನೂ ಹಿಡಿದವರಲ್ಲ, ಜೀವಮಾನವೆಲ್ಲ ಅಂಚೆ ಕಚೇರಿಯಲ್ಲಿದ್ದವರು. ಸತ್ತಮೇಲೆ ಅಂಚೆಯ ಮೇಲೆ ಯಾರು ಹಾಡುತ್ತಾರೆ.

ಗ್ರಾಮಾಧಿಕಾರಿ ಜೆಂಗಿಶ್ ಬಂದಾಗ ಒಂಬತ್ತು ಇಪ್ಪತ್ತಮೂರು. ಅವನು ಕಾರಿನಿಂದಿಳಿದು ಎರಡು ಸಲ ಸಾಧಾರಣವಾಗಿ ಗೋಳಿಟ್ಟು, ಜೇಬಿನಿಂದ ಕಾಗದ ತೆಗೆದ. ಮೂರು ವರ್ಷದ ಹಿಂದೆಯೇ ಟೈಪು ಮಾಡಿಸಿದ್ದ ಸಂತಾಪ ಭಾಷಣ. ಮಡಿಚಿದ ಜಾಗದಲ್ಲಿ ಹರಿದಿತ್ತು.

"ಕಣ್ಣು," ಎಂದು ಶಾಯಿಂಬೆಕ್ ಅವನ ತೋಳು ಹಿಡಿದ. "ಜೆಂಗಿಶ್, ನೀನಾದ್ರೂ ಕೇಳು. ಆಸಿಡ್ ಬಿದ್ದಿದೆ. ಅಪ್ಪ ಸತ್ತಿಲ್ಲ."

ಜೆಂಗಿಶ್ ಓಸ್ಮೋನ್‌ಕುಲ್‌ನ ಮುಖ ನೋಡಿದ. ಓಸ್ಮೋನ್‌ಕುಲ್ ತಲೆಯಲ್ಲಾಡಿಸಿದ.

"ಎಲ್ರೂ ಹಾಗೇ ಅಂತಾರೆ ಸಾರ್. ನಮ್ಮಣ್ಣ ಹೋದಾಗ ನಾನೂ ಎರಡು ದಿನ ಸತ್ತಿಲ್ಲ ಸತ್ತಿಲ್ಲ ಅಂತಿದ್ದೆ."

"ಧೈರ್ಯ ತಂದ್ಕೊಳ್ಳಿ," ಎಂದ ಜೆಂಗಿಶ್. "ಭಾಷಣ ಚಿಕ್ಕದೇ ಇದೆ."

ಚಿಕ್ಕದಾಗಿರಲಿಲ್ಲ. ಅಂಚೆ ಇಲಾಖೆಗೆ ಬೈಸಾಲಜ್ಜ ಸಲ್ಲಿಸಿದ ಸೇವೆ, ಬೆಟ್ಟದ ದಾರಿಗಳ ದುರಸ್ತಿಗೆ ಗ್ರಾಮಾಡಳಿತ ಕೈಗೊಂಡ ಕ್ರಮಗಳು, ಮುಂದಿನ ವರ್ಷದ ಯೋಜನೆ ಎಲ್ಲವೂ ಇತ್ತು. ಹಿತ್ತಲಲ್ಲಿ ನಾಲ್ವರು ಕಂದು ಕುದುರೆಯ ಕಾಲು ಕಟ್ಟಿ ಕೆಡವಿ ಕೊಯ್ದರು. ಮೂರು ವರ್ಷ ತಿಂದ ಪ್ರಾಣಿ, ಅದೂ ಸುಲಭವಾಗಿ ನಂಬಲಿಲ್ಲ. ಕಡಾಯಿಯ ನೀರು ಬೆಚ್ಚಗಾಗಿ ಹಬೆಯಾಡತೊಡಗಿತು. ಓಸ್ಮೋನ್‌ಕುಲ್ ಅದರಲ್ಲಿ ಬೆರಳದ್ದಿ, ಹದವಾಗಿದೆ ಎಂದು ತೃಪ್ತಿಪಟ್ಟು, ಯಾರೂ ಮುಟ್ಟದ ಹಾಗೆ ಇಬ್ಬರನ್ನು ಕಾವಲಿಗೆ ನಿಲ್ಲಿಸಿದ.

ಶಾಯಿಂಬೆಕ್ ಈಗ ಕೂಗುತ್ತಿರಲಿಲ್ಲ. ಬಂದವರೆಲ್ಲ ಒಬ್ಬೊಬ್ಬರಾಗಿ ಅವನನ್ನು ತಬ್ಬಿ ಅಳುತ್ತಿದ್ದರು, ಅವನು ತಬ್ಬಿಸಿಕೊಳ್ಳುತ್ತಿದ್ದ. ಒಂದೊಂದು ತಬ್ಬುಗೆಯ ನಡುವೆಯೂ ಮೆಲ್ಲಗೆ, ಸೋಮವಾರದ ದನಿಯಲ್ಲಿ, "ಹನ್ನೊಂದು, ಕಾಲು ಗಂಟೆ, ನಿಲ್ಲಿಸದೆ" ಎನ್ನುತ್ತಿದ್ದ. ಅವನನ್ನು ಬಲಗಡೆ ಹಿಡಿದುಕೊಂಡಿದ್ದವನು ನಾನು. ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಒಳಗೆ ಅಜ್ಜನಿಗೆ ಎಚ್ಚರವಾಯಿತು. ಉಮ್ಸುನಾಯ್‌ಳ ದನಿಗಲ್ಲ, ಅದು ಅವರ ಕಿವಿಗೆ ಹೋಗಿರಲಿಲ್ಲ. ಚಹಾದ ಹೊತ್ತಾಗಿತ್ತು. ರಜಾಯಿ ಸರಿಸಿ ನೋಡಿದರೆ ಹತ್ತು ಹೆಂಗಸರ ಬೆನ್ನು.

"ಚಹಾ ಆಯ್ತೇನಮ್ಮ ಬುರುಲ್," ಎಂದರು.

ಬುರುಲ್ ಹಿಂದೆ ತಿರುಗಿ ನೋಡಿ ಹಾಗೆಯೇ ಪಕ್ಕಕ್ಕೆ ಒರಗಿದಳು. ಆರು ಹೆಂಗಸರು ಬಾಗಿಲಿಗೆ ಓಡಿದರು. ಉಮ್ಸುನಾಯ್ ಮಾತ್ರ ಅಲುಗಲಿಲ್ಲ. ನಡುವೆ ನಿಲ್ಲಿಸಿದರೆ ಅಪಶಕುನವೆಂದು ಐದನೆಯ ತೋಳದ ಪದ್ಯವನ್ನು ಮುಗಿಸಿಯೇ ಎದ್ದಳು. ಕಸುಬಿನವರ ಮಾತೇ ಬೇರೆ.

ಅಜ್ಜ ಬಾಗಿಲಿಗೆ ಬಂದರು. ಕಾಲಿಗೆ ಉಣ್ಣೆಯ ಬೂಟು, ತಲೆಗೆ ಟೋಪಿ. ಎದುರಿಗೆ ನಲವತ್ತು ಗಂಡಸರು, ಎಲ್ಲರಿಗೂ ನಡುಪಟ್ಟಿ, ಮಗನ ಕೈಯಲ್ಲಿ ಕೋಲು, ಗ್ರಾಮಾಧಿಕಾರಿಯ ಕೈಯಲ್ಲಿ ಕಾಗದ. ಜೆಂಗಿಶ್ "ನಮ್ಮನ್ನಗಲಿದ" ಎಂಬಲ್ಲಿಗೆ ಬಂದು ನಿಂತ.

"ಯಾರು ಹೋದ್ರಪ್ಪ," ಎಂದು ಅಜ್ಜ ಕೇಳಿದರು.

ಓಸ್ಮೋನ್‌ಕುಲ್ ಮುಂದೆ ಬಂದು "ಇನ್ನೂ ಗೊತ್ತಾಗಿಲ್ಲ ಅಜ್ಜ" ಎಂದ.

ಹಿರಿಯರಿಗೆ ಪದ್ಧತಿ ನಮಗಿಂತ ಚೆನ್ನಾಗಿ ಗೊತ್ತು. ಮಗ ಕೋಲೂರಿ ನಿಂತಿದ್ದಾನೆ ಎಂದರೆ ಮನೆಯಲ್ಲಿ ಯಾರೋ ಹೋಗಿರಲೇಬೇಕು. ಅಜ್ಜ ಎರಡೂ ಕೈ ಚಾಚಿ, "ಓ ನನ್ನ ಮಗನೇ, ಏನಾಯ್ತೋ ನಿನಗೆ" ಎಂದು ಗೋಳಿಡುತ್ತಾ ಬಂದು ಅವನನ್ನು ತಬ್ಬಿಕೊಂಡರು. ತಬ್ಬಿಕೊಂಡವರು ಹಿಂದೆ ಸರಿದು ಮುಖ ನೋಡಿದರು. ಅವನ ಕೈಯನ್ನು ಮೆಲ್ಲಗೆ ಕಣ್ಣಿನಿಂದ ತೆಗೆದರು. ಆ ಬೆಳಿಗ್ಗೆ ಅವನ ಮುಖವನ್ನು ನೋಡಿದವರಲ್ಲಿ ಅವರೇ ಮೊದಲಿಗರು.

"ಕಣ್ಣಿಗೇನಾಯ್ತು?"

"ಬ್ಯಾಟರಿ ಅಪ್ಪ. ಆಸಿಡ್."

ಮಂದ ಕಿವಿಯ ಮುದುಕರಿಗೆ ಅದು ಒಂದೇ ಸಲಕ್ಕೆ ಕೇಳಿಸಿತು. ಮಗನನ್ನು ತೋಳು ಹಿಡಿದು ಕಡಾಯಿಯ ಹತ್ತಿರ ನಡೆಸಿಕೊಂಡು ಹೋಗಿ ಮಗ್ಗನ್ನು ಎತ್ತಿಕೊಂಡರು. ಕಾವಲಿನವರು ಓಸ್ಮೋನ್‌ಕುಲ್‌ನ ಕಡೆ ನೋಡಿದರು.

"ಅಜ್ಜ, ಅದನ್ನ ಬೇರೆಯದಕ್ಕೆ ಇಟ್ಟಿರೋದು," ಎಂದ ಓಸ್ಮೋನ್‌ಕುಲ್. "ಅದು ಹೆಣಕ್ಕೆ."

"ಯಾವ ಹೆಣಕ್ಕೆ?"

ಅಜ್ಜ ಒಮ್ಮೆ ಹಿತ್ತಲ ಕಡೆ, ಕೆಡವಿದ ಕುದುರೆಯ ಕಡೆ ನೋಡಿದರು. ಒಮ್ಮೆ ಜೆಂಗಿಶ್‌ನ ಕೈಯ ಕಾಗದ ನೋಡಿದರು. ಎಲ್ಲವೂ ಅರ್ಥವಾಯಿತೆಂದು ಕಾಣುತ್ತದೆ.

"ಹಾಗಾದ್ರೆ ನನ್ನ ನೀರು ತಾನೇ," ಎಂದರು. "ನಾನು ಕೊಡ್ತಾ ಇದೀನಿ. ಮೂರು ವರ್ಷದಿಂದ ಒಂದು ಲೋಟ ಬಿಸಿನೀರು ಕೇಳಿದ್ರೆ ಮಧ್ಯಾಹ್ನ ಬರ್ತಿತ್ತು. ಇವತ್ತು ಎಷ್ಟು ಬೇಗ ಕಾಯಿಸಿದೀರಿ ನೋಡು."

ಮಗನ ತಲೆಯನ್ನು ಮೊಣಕಾಲಿಗೆ ಒರಗಿಸಿಕೊಂಡು, ಮಗ್ಗಿನ ಮೇಲೆ ಮಗ್ಗು, ನಿಲ್ಲಿಸದೆ ಹಾಕಿದರು. ಕಡಾಯಿ ಮುಗಿಯುವವರೆಗೂ ಹಾಕಿದರು. ಮೊದಲ ಮಗ್ಗು ಬಿದ್ದಾಗ ಒಂಬತ್ತು ಮೂವತ್ತಾರು. ಸ್ಫೋಟವಾಗಿ ಇಪ್ಪತ್ತಾರು ನಿಮಿಷ.

ಜೆಂಗಿಶ್‌ನ ಕಾರಿನಲ್ಲೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಣ್ಣಿನ ಡಾಕ್ಟರಮ್ಮ ಕಡ್ಡಿಯಂಥ ಹೆಂಗಸು.

"ಬಿದ್ದಾಗ ಪಕ್ಕದಲ್ಲಿ ಯಾರೂ ಇರಲಿಲ್ವಾ?" ಎಂದಳು.

"ಇಡೀ ಊರೇ ಇತ್ತು ಡಾಕ್ಟ್ರೇ," ಎಂದ ಓಸ್ಮೋನ್‌ಕುಲ್, ಸ್ವಲ್ಪ ಹೆಮ್ಮೆಯಿಂದ.

"ಇಡೀ ಊರಲ್ಲಿ ಒಂದು ಚೊಂಬು ನೀರಿರಲಿಲ್ವಾ?"

"ನಲವತ್ತು ಲೀಟರಿತ್ತು."

ಅವಳು ಅವನನ್ನು ಒಂದು ಕ್ಷಣ ನೋಡಿ ಬಾಗಿಲು ಹಾಕಿಕೊಂಡಳು. ಸಂಜೆ ಹೊರಗೆ ಬಂದು, ಎಡಗಣ್ಣು ಹೋಯಿತು, ತಕ್ಷಣ ತೊಳೆದಿದ್ದರೆ ಉಳಿಯುತ್ತಿತ್ತು ಎಂದಳು.

ಕೊಂದ ಕುದುರೆಯನ್ನು ಮತ್ತೆ ಎಬ್ಬಿಸಲು ಆಗುವುದಿಲ್ಲ. ಊರೆಲ್ಲ ಎರಡು ದಿನ ತಿಂದಿತು. ಅಜ್ಜ ಮಾತ್ರ ಒಂದು ತುಂಡೂ ಮುಟ್ಟಲಿಲ್ಲ. ನಾಲ್ಕನೆಯ ದಿನ ತನಿಖಾ ಸಮಿತಿ ಬಂದಿತು, ಗಡಿಯಾರ ಹಿಡಿದು ಎಲ್ಲರ ಹೇಳಿಕೆ ತೆಗೆದುಕೊಂಡಿತು, ಕೊನೆಗೆ ಗಾಯಾಳುವಿಗೆ ಸುರಕ್ಷತೆಯ ತಿಳಿವಳಿಕೆ ಸಾಲದೇ ಇದ್ದದ್ದೇ ಅಪಘಾತಕ್ಕೆ ಕಾರಣ ಎಂದು ಬರೆಯಿತು. ಜನ ಬುತ್ತಿ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ "ಹೋಗಲಿ ಬಿಡು, ಬರೀ ಒಂದು ಕಣ್ಣು ತಾನೇ, ಅಪ್ಪ ಉಳಿದ್ರಲ್ಲ" ಎಂದು ಸಮಾಧಾನ ಹೇಳಿ ಬಂದರು. ಅಪ್ಪನಿಗೆ ಏನೂ ಆಗಿರಲೇ ಇಲ್ಲ ಎಂಬುದನ್ನು ಆ ಹೊತ್ತಿಗೆ ಎಲ್ಲರೂ ಮರೆತಿದ್ದರು.

ನಾನು ಹೋದದ್ದು ಮೂರು ವಾರ ಬಿಟ್ಟು. ಕೆಲಸವಿತ್ತು ಎಂದು ಎಲ್ಲರಿಗೂ ಹೇಳಿದ್ದೆ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಢಂ ಎಂದದ್ದು ನನಗೆ ಕೇಳಿಸಿತ್ತು. ಲೋಟ ತುಟಿಯ ಹತ್ತಿರವಿತ್ತು, ಅಲುಗಾಡಿ ಚೆಲ್ಲಿತು. ಇಂಜಿನಿಯರಿಗೆ ಸ್ವಲ್ಪ ಬುದ್ಧಿ ಬರಲಿ ಎಂದುಕೊಂಡೆ. ಹೊರಗೆ ಬಂದು ಅವನನ್ನು ನೋಡಿದಾಗ ಅಜ್ಜನೇ ಹೋದರೆಂದುಕೊಂಡದ್ದು ನಿಜ, ಆದರೆ ಅವನು ನನ್ನ ಹೆಗಲ ಮೇಲೆ ಮುಖವಿಟ್ಟ ಕೂಡಲೇ ವಾಸನೆ ಬಂತು. ಮೂವತ್ತು ವರ್ಷದ ಡ್ರೈವರಿಗೆ ಬ್ಯಾಟರಿ ಆಸಿಡ್‌ನ ಆ ಹುಳಿ ವಾಸನೆ ತಿಳಿಯದೇ ಇರುವುದಿಲ್ಲ. ನನಗೆ ಗೊತ್ತಾಯಿತು. ಅಷ್ಟರಲ್ಲಿ ಬಾಗಿಲುಗಳು ತೆರೆದಿದ್ದವು, ನಲವತ್ತು ಜನ ನನ್ನ ಗೋಳನ್ನು ನಂಬಿ ಹೊರಟಿದ್ದರು. ಬದುಕಿರುವ ಮುದುಕನ ಮೇಲೆ ಅತ್ತವನು ಎಂದು ಊರೆಲ್ಲ ಜೀವಮಾನಪೂರ್ತಿ ನಗುತ್ತದೆ. ಈಗ ನಿಲ್ಲಿಸುತ್ತೇನೆ, ಈಗ ಹೇಳುತ್ತೇನೆ ಎಂದು ಒಂದೊಂದು ನಿಮಿಷವೂ ಅಂದುಕೊಂಡೆ. ಅಂದುಕೊಳ್ಳುತ್ತಾ ಎಲ್ಲರಿಗಿಂತ ಜೋರಾಗಿ ಅತ್ತೆ. ಅವನನ್ನು ಹಿಮದಿಂದ ಎತ್ತಿದ ಆರು ಜನರಲ್ಲಿ ನಾನೂ ಒಬ್ಬ. ನನಗೆ ನನ್ನ ಮೇಲೆ ಅಸಹ್ಯವಿದೆ, ಆದರೆ ಅದರಿಂದ ಹೋದ ಕಣ್ಣಿಗೆ ಏನೂ ಕಾಣುವುದಿಲ್ಲ.

ಅವನು ಮಂಚದ ಮೇಲೆ ಕಿಟಕಿಗೆ ಬಲಗಣ್ಣು ಕೊಟ್ಟು ಕುಳಿತಿದ್ದ. ಡಿಪೋದ ವಿಷಯ ಮಾತನಾಡಿದೆವು, ಅಜ್ಜನ ವಿಷಯ ಮಾತನಾಡಿದೆವು.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಅವನೇ ಕೇಳಿದ.

"ಅಜ್ಜ ಬಾಗಿಲಿಗೆ ಬಂದಾಗ. ಎಲ್ರಿಗೂ ಗೊತ್ತಾದಾಗಲೇ."

"ಹೌದು. ಎಲ್ರಿಗೂ ಗೊತ್ತಾದಾಗಲೇ," ಎಂದ.

ಹೊರಡುವಾಗ ತಬ್ಬಿಕೊಂಡೆವು. ಆ ದಿನ ಹಾಕಿದ್ದ, ಹತ್ತಿ ತುಂಬಿದ ಅದೇ ಕೋಟು, ನನ್ನ ಹತ್ತಿರ ಬೇರೆ ಇಲ್ಲ. ಅವನ ಕೈ ನನ್ನ ಬೆನ್ನಿನಿಂದ ಎಡ ಹೆಗಲಿಗೆ ಬಂತು, ಅಲ್ಲಿ ನಿಂತಿತು. ನನ್ನ ಹೆಂಡತಿ ಎರಡು ಸಲ ತೇಪೆ ಹಾಕಿದ್ದಳು, ತೇಪೆಯ ಸುತ್ತ ಮತ್ತೆ ಸಣ್ಣ ಸಣ್ಣ ತೂತು ಬಿದ್ದಿದ್ದವು. ಅವನು ಬೆರಳಿನಿಂದ ಒಂದೊಂದನ್ನೇ ಮುಟ್ಟಿದ. ಮುಟ್ಟಿದ ಬೆರಳನ್ನು ಮೂಗಿನ ಹತ್ತಿರ ತಂದ.

"ಇದು ಇನ್ನೂ ತಿನ್ನುತ್ತೆ ಮುಕಾಂಬೆತ್," ಎಂದ. "ಸೋಡಾ ಪುಡಿ ನೀರಲ್ಲಿ ಕಲಸಿ ಹಚ್ಚು. ನೊರೆ ನಿಂತ ಮೇಲೆ ಚೆನ್ನಾಗಿ ನೀರು ಹಾಕು."

"ಹಾಕ್ತೀನಿ."

"ಗೊತ್ತಾದ ತಕ್ಷಣ ಹಾಕಿದ್ರೆ ಉಳೀತಿತ್ತು."

ಕೋಟಿನ ವಿಷಯವನ್ನೇ ಹೇಳುತ್ತಿದ್ದಾನೆ ಎಂಬಂತೆ ನಾನು ತಲೆಯಾಡಿಸಿದೆ.